ಕ್ಯಾಸನೂರಿನ ಕಾಡಿನಲ್ಲಿ ಒಂದು ಊಹೆಯ ಪರೀಕ್ಷೆ



ಡಿಸೆಂಬರ್ ಕಳೆದ ಮೇಲೆ ಮಲೆನಾಡಿನ ಕಾಡಂಚಿನಲ್ಲಿ ಕೆಲವೊಮ್ಮೆ ಹೀಗೊಂದು ನೋಟ ಕಾಣುತ್ತದೆ. ಮೊಣಕಾಲಿನವರೆಗೆ ಬೂಟು, ಕೈಗೆ ಗವಸು ಹಾಕಿಕೊಂಡ ಇಬ್ಬರು ಒಂದು ಬಿಳಿ ಬಟ್ಟೆಯನ್ನು ತರಗೆಲೆಯ ಮೇಲೆ ಎಳೆದುಕೊಂಡು ಹೋಗುತ್ತಿರುತ್ತಾರೆ. ಬಟ್ಟೆಯ ಒಂದು ಅಂಚಿಗೆ ಕೋಲು, ಕೋಲಿಗೆ ಹಗ್ಗ. ಹತ್ತಿಪ್ಪತ್ತು ಹೆಜ್ಜೆ ಎಳೆಯುವುದು, ನಿಲ್ಲುವುದು, ಬಟ್ಟೆಯನ್ನು ಮಗುಚಿ ನೋಡುವುದು. ಅದರ ಮೇಲೆ ಎಳ್ಳಿಗಿಂತ ಚಿಕ್ಕ ಕಂದು ಚುಕ್ಕೆಗಳಿರುತ್ತವೆ. ಮಣ್ಣಿನ ಕಣ ಅಂದುಕೊಂಡು ಒಂದು ಗಳಿಗೆ ಕಣ್ಣಿಟ್ಟು ನೋಡಿದರೆ ಚುಕ್ಕೆ ನಡೆಯತೊಡಗುತ್ತದೆ. ಅದು ಉಣುಗಿನ ಮರಿ. ಚಿಮಟದಲ್ಲಿ ಒಂದೊಂದನ್ನೇ ಹೆಕ್ಕಿ ಗಾಜಿನ ಕೊಳವೆಗೆ ಹಾಕಿ, ಬಾಯಿ ಮುಚ್ಚಿ, ಯಾವ ಜಾಗ, ಯಾವ ದಿನ ಎಂದು ಬರೆದ ಚೀಟಿ ಅಂಟಿಸುತ್ತಾರೆ. ಮತ್ತೆ ಬಟ್ಟೆ ಎಳೆಯುತ್ತಾರೆ.

ವೈಜ್ಞಾನಿಕ ವಿಧಾನ ಎಂದಾಗ ನನ್ನ ಕಣ್ಣೆದುರು ಬರುವುದು ಈ ಬಿಳಿ ಬಟ್ಟೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು. "ವೈಜ್ಞಾನಿಕ ವಿಧಾನದ ಹಂತಗಳನ್ನು ಬರೆಯಿರಿ" ಎಂದರೆ ಮಕ್ಕಳು ವೀಕ್ಷಣೆ, ಊಹೆ, ಪ್ರಯೋಗ, ತೀರ್ಮಾನ ಎಂದು ಬರೆದು ನಾಲ್ಕಕ್ಕೆ ನಾಲ್ಕು ಅಂಕ ತೆಗೆದುಕೊಳ್ಳುತ್ತಿದ್ದರು. ಉತ್ತರ ಸರಿಯೇ. ಆದರೆ ಹಾಗೆ ಬರೆದಾಗ ಅದು ಮನೆಯ ಮೆಟ್ಟಿಲು ಹತ್ತಿದಷ್ಟು ಸಲೀಸು ಅನ್ನಿಸಿಬಿಡುತ್ತದೆ. ನಿಜವಾದ ಕೆಲಸದಲ್ಲಿ ಹತ್ತಿದ್ದನ್ನು ಇಳಿಯಬೇಕಾಗುತ್ತದೆ, ಇಳಿದು ಬೇರೆ ದಾರಿ ಹುಡುಕಬೇಕಾಗುತ್ತದೆ. ಅದು ಹೇಗೆ ಎಂಬುದನ್ನು ನಮ್ಮದೇ ನೆಲದ ಒಂದು ಕಥೆಯಿಂದ ಹೇಳಬೇಕೆಂದು ಇವತ್ತು ನಿಮ್ಮ ಮುಂದೆ ಕೂತಿದ್ದೇನೆ. ಈ ಕಥೆ ಇನ್ನೂ ಮುಗಿದಿಲ್ಲ. ಮಲೆನಾಡಿನಲ್ಲಿ ರೇಡಿಯೋ ಕೇಳುತ್ತಿರುವ ಎಷ್ಟೋ ಮನೆಗಳಿಗೆ ಅದು ಈಗಲೂ ಪ್ರತಿ ಬೇಸಿಗೆಯ ಆತಂಕ.

1957ರ ಮಾರ್ಚ್ ತಿಂಗಳು. ಆಗಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡು. ಅಲ್ಲಿ ಮಂಗಗಳು ಸಾಯುತ್ತಿದ್ದವು. ಕರಿಮೋರೆಯ ಮುಸಿಯಗಳು, ಕೆಂಪುಮೋರೆಯ ಮಂಗಗಳು ಎರಡೂ ಮರದ ಬುಡದಲ್ಲಿ ಸತ್ತು ಬಿದ್ದಿದ್ದವು. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳಲ್ಲಿ ಜ್ವರ. ಬೆಳಿಗ್ಗೆ ಕಾಡಿಗೆ ಹೋಗಿ ಸೌದೆ ತಂದ ಮನುಷ್ಯ ಸಂಜೆಗೆ ಚಳಿಜ್ವರ ಬಂದು ಮಲಗುವುದು, ತಲೆ ಸಿಡಿದು ಹೋಗುವಂಥ ನೋವು, ಸೊಂಟ ಕಾಲುಗಳಲ್ಲಿ ಏಳಲಾರದಷ್ಟು ಸೆಳೆತ, ಕೆಂಡದಂಥ ಕಣ್ಣು. ಕೆಲವರಿಗೆ ಮೂಗು, ವಸಡುಗಳಿಂದ ರಕ್ತ. ಕಾಯಿಲೆ ಬಿದ್ದ ನೂರು ಜನರಲ್ಲಿ ಮೂರರಿಂದ ಐದು ಜನ ಬದುಕುತ್ತಿರಲಿಲ್ಲ. ಮೊದಲಿಗೆ ಇದನ್ನು ವಿಷಮಶೀತ ಜ್ವರ, ಅಂದರೆ ಟೈಫಾಯ್ಡ್, ಎಂದುಕೊಂಡರು. ಆಮೇಲೆ ಮನೆಮನೆಗೆ ಹೋಗಿ ವಿಚಾರಿಸಿದಾಗ ಹಿಂದಿನ ವರ್ಷದ ಬೇಸಿಗೆಯಲ್ಲೂ ಇದೇ ಜ್ವರ ಬಂದಿತ್ತೆಂದು ತಿಳಿಯಿತು.

ಊರಿನವರು ಅದಕ್ಕೆ ಒಂದು ಹೆಸರಿಟ್ಟರು: ಮಂಗನ ಕಾಯಿಲೆ.

ಈ ಹೆಸರಿನ ಮುಂದೆ ನಾನು ಸ್ವಲ್ಪ ನಿಲ್ಲಬೇಕು. ಪ್ರಯೋಗಾಲಯದವರು ಬರುವ ಮೊದಲೇ, ಸೂಕ್ಷ್ಮದರ್ಶಕ ಇಲ್ಲದೆ, ಕಾಡಿಗೆ ಹೋಗಿಬರುವ ಹೆಂಗಸರು, ದನ ಕಾಯುವ ಹುಡುಗರು ಎರಡು ಸಂಗತಿಗಳನ್ನು ಕಂಡಿದ್ದರು. ಮಂಗ ಸಾಯುತ್ತಿದೆ, ಮನುಷ್ಯನಿಗೆ ಜ್ವರ ಬರುತ್ತಿದೆ. ಎರಡನ್ನೂ ಒಂದು ಹಗ್ಗಕ್ಕೆ ಕಟ್ಟಿ ಒಂದು ಹೆಸರು ಕೊಟ್ಟರು. ಅದು ವೀಕ್ಷಣೆ, ಅದೇ ಒಂದು ಊಹೆಯೂ ಹೌದು. ವಿಜ್ಞಾನ ಎಲ್ಲೋ ದೂರದ ಕಟ್ಟಡದಲ್ಲಿ ಹುಟ್ಟಿ ಹಳ್ಳಿಗೆ ಇಳಿದು ಬರುತ್ತದೆ ಎಂದು ನಂಬುವವರಿಗೆ ನಾನು ಯಾವಾಗಲೂ ಈ ಹೆಸರನ್ನು ನೆನಪಿಸುತ್ತೇನೆ. ಮುಂದಿನ ಕೆಲಸವೆಲ್ಲ ನಿಂತದ್ದು ಆ ಜನ ಕಂಡದ್ದರ ಮೇಲೆ.

ಸುದ್ದಿ ಪುಣೆಗೆ ತಲುಪಿತು. ಅಲ್ಲಿ 1952ರಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಸೇರಿ ವೈರಸ್ ಸಂಶೋಧನಾ ಕೇಂದ್ರವನ್ನು ಕಟ್ಟಿದ್ದವು. ಅದರ ನಿರ್ದೇಶಕ ಟೆಲ್ಫೋರ್ಡ್ ವರ್ಕ್ ಎಂಬ ವೈದ್ಯರು. ಜೊತೆಗೆ ಹೆರಾಲ್ಡ್ ಟ್ರಾಪಿಡೋ ಎಂಬ ಪ್ರಾಣಿಶಾಸ್ತ್ರಜ್ಞರು. ಸತ್ತ ಮಂಗಗಳ ಸುದ್ದಿ ಕೇಳಿದ ಕೂಡಲೇ ಅವರ ಎದೆ ನಡುಗಿಸಿದ ಒಂದು ಹೆಸರಿತ್ತು: ಹಳದಿ ಜ್ವರ.

ಆ ಹೆದರಿಕೆಗೆ ಕಾರಣವಿತ್ತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಮನುಷ್ಯರಿಗೆ ತಗುಲುವ ಮೊದಲು ಮಂಗಗಳು ಸಾಯುತ್ತವೆ. ಕಾಡು ಇದ್ದಕ್ಕಿದ್ದಂತೆ ಮೌನವಾದರೆ ಅಲ್ಲಿನವರು ಕಾಯಿಲೆ ಬಂತು ಎಂದು ತಿಳಿಯುತ್ತಾರೆ. ಆ ಕಾಯಿಲೆ ಆಫ್ರಿಕಾದಲ್ಲಿದೆ, ಅಮೆರಿಕದಲ್ಲಿದೆ, ಏಷ್ಯಾ ಖಂಡದೊಳಗೆ ಮಾತ್ರ ಎಂದೂ ಬೇರೂರಿಲ್ಲ. ಆದರೆ ಅದನ್ನು ಹರಡುವ ಸೊಳ್ಳೆ ನಮ್ಮ ಊರೂರಿನಲ್ಲೂ ಇದೆ. ನಮ್ಮ ಜನರ ಮೈಯಲ್ಲಿ ಅದಕ್ಕೆ ಪ್ರತಿರೋಧ ಇಲ್ಲ. ಅದು ಕ್ಯಾಸನೂರಿಗೆ ಬಂದಿದ್ದರೆ ಮುಂದೆ ಏನಾಗುತ್ತಿತ್ತೆಂದು ಯೋಚಿಸಿದರೆ ಈಗಲೂ ಮೈ ಜುಂ ಎನ್ನುತ್ತದೆ.

ಇಲ್ಲಿ ಎರಡು ದಾರಿಗಳಿದ್ದವು. ಲಕ್ಷಣಗಳೆಲ್ಲ ಹೊಂದುತ್ತವೆ, ಮಂಗ ಸತ್ತಿದೆ, ಜ್ವರವಿದೆ, ರಕ್ತಸ್ರಾವವಿದೆ, ಆದ್ದರಿಂದ ಇದು ಹಳದಿ ಜ್ವರವೇ ಎಂದು ಸಾರಿಬಿಡುವುದು ಒಂದು ದಾರಿ. ಇನ್ನೊಂದು, ಇದು ಹಳದಿ ಜ್ವರವೇ ಆಗಿದ್ದರೆ ಇನ್ನೂ ಏನೇನು ಕಾಣಬೇಕು ಎಂದು ಮೊದಲೇ ಬರೆದಿಟ್ಟುಕೊಂಡು, ಅದು ಕಾಣುತ್ತದೋ ಇಲ್ಲವೋ ಎಂದು ಹುಡುಕುವುದು. ಅವರು ಎರಡನೆಯದನ್ನು ಹಿಡಿದರು. ಒಳ್ಳೆಯ ಊಹೆಯ ಗುರುತು ನನ್ನ ಪ್ರಕಾರ ಇದೇ. ತಾನು ತಪ್ಪಾಗಿದ್ದರೆ ಹಿಡಿದುಕೊಡುವ ದಾರಿಯನ್ನು ಅದು ತಾನೇ ತೋರಿಸುತ್ತದೆ. ಏನು ಕಂಡರೂ "ನಾನು ಹೇಳಿದ್ದೇ ಆಯಿತು" ಎನ್ನಲು ಬರುವ ಮಾತು ಕೇಳುವುದಕ್ಕೆ ಗಟ್ಟಿಯಾಗಿರುತ್ತದೆ, ಕೆಲಸಕ್ಕೆ ಬರುವುದಿಲ್ಲ.

ಮಂಗಗಳ ಅಂಗಾಂಶ, ರೋಗಿಗಳ ರಕ್ತ ಪುಣೆಗೆ ಹೋದವು. ವೈರಸ್ಸನ್ನು ಆ ಕಾಲದಲ್ಲಿ ಹಿಡಿಯುತ್ತಿದ್ದದ್ದು ಬಿಳಿ ಇಲಿಮರಿಗಳಲ್ಲಿ. ಮಾದರಿಯನ್ನು ಅರೆದು ಸೋಸಿ ಇಲಿಮರಿಗೆ ಚುಚ್ಚುವುದು, ಕಾಯುವುದು, ಮರಿ ಕಾಯಿಲೆ ಬಿದ್ದರೆ ಅದರ ಮೆದುಳಿನಿಂದ ಮತ್ತೊಂದು ಮರಿಗೆ. ಹೀಗೆ ಮಂಗನಿಂದಲೂ ಮನುಷ್ಯನಿಂದಲೂ ವೈರಸ್ ಸಿಕ್ಕಿತು. ಎರಡೂ ಒಂದೇ. ಊರಿನವರ ಹೆಸರು ಅಲ್ಲಿಗೆ ನಿಜವಾಯಿತು. 1957ರಲ್ಲಿ ಒಬ್ಬ ರೋಗಿಯ ರಕ್ತದಿಂದ ಸಿಕ್ಕ ವೈರಸ್ಸಿಗೆ ಪಿ 9605 ಎಂಬ ಸಂಖ್ಯೆ ಬಿತ್ತು. ಹೆಸರಿಲ್ಲದ ಆ ಮನುಷ್ಯನ ಒಂದು ಹನಿ ರಕ್ತ ಇವತ್ತಿಗೂ ಈ ಕಾಯಿಲೆಯ ಸಂಶೋಧನೆಯಲ್ಲಿ ಅಳತೆಗೋಲಾಗಿ ಬಳಕೆಯಲ್ಲಿದೆ. ಈ ಕೆಲಸ ಮಾಡುವಾಗ ಪ್ರಯೋಗಾಲಯದ ಸಿಬ್ಬಂದಿಯಲ್ಲಿ ಹಲವರಿಗೆ ಅದೇ ಜ್ವರ ತಗುಲಿತು ಎಂಬುದನ್ನೂ ನಾವು ಮರೆಯಬಾರದು.

ಆಮೇಲೆ ಮುಖ್ಯ ಪರೀಕ್ಷೆ. ಹಳದಿ ಜ್ವರದ ವೈರಸ್ಸನ್ನು ಗುರುತಿಸುವ ರಕ್ತಸಾರ ಈ ವೈರಸ್ಸನ್ನು ಗುರುತಿಸಬೇಕಿತ್ತು. ಗುರುತಿಸಲಿಲ್ಲ. ಊಹೆ ಬಿದ್ದುಹೋಯಿತು. ಊಹೆ ಬಿದ್ದ ಆ ದಿನ ದೇಶಕ್ಕೆ ಎಷ್ಟು ದೊಡ್ಡ ನೆಮ್ಮದಿ ಸಿಕ್ಕಿತೆಂದು ನೆನೆದುಕೊಳ್ಳಿ.

ಆದರೆ ಬೇರೊಂದು ಬೆರಗು ಕಾದಿತ್ತು. ಈ ವೈರಸ್ ಹೋಲುತ್ತಿದ್ದದ್ದು ರಷ್ಯಾದ ವಸಂತ-ಬೇಸಿಗೆಯ ಮೆದುಳುಜ್ವರದ ಗುಂಪನ್ನು. ಸೈಬೀರಿಯಾದ ಹಿಮದ ಕಾಡುಗಳ ಕಾಯಿಲೆ ಅದು. ಅಲ್ಲಿ ಅದನ್ನು ಹರಡುವುದು ಉಣುಗು. ಮಂಜು ಬೀಳುವ ನಾಡಿನ ಕಾಯಿಲೆಯ ನೆಂಟ ಅಡಿಕೆ ತೋಟದ ಪಕ್ಕದ ಕಾಡಿಗೆ ಹೇಗೆ ಬಂದ?

ಇದಕ್ಕೆ ಹುಟ್ಟಿದ ಊಹೆ ಬಹಳ ಸುಂದರವಾದದ್ದು. ಚಳಿಗಾಲದಲ್ಲಿ ಸೈಬೀರಿಯಾದಿಂದ, ಮಧ್ಯ ಏಷ್ಯಾದಿಂದ ಲಕ್ಷಗಟ್ಟಲೆ ಹಕ್ಕಿಗಳು ನಮ್ಮ ದೇಶಕ್ಕೆ ಬರುತ್ತವೆ. ಅವುಗಳ ರೆಕ್ಕೆಯ ಸಂದಿಯಲ್ಲಿ ಒಂದು ಉಣುಗು ಕುಳಿತು ಬಂದಿದ್ದರೆ? ಕೇಳಿದವರೆಲ್ಲ ಹೌದಲ್ಲ ಎನ್ನುವಂಥ ಮಾತು. ಸುಂದರವಾದ ಊಹೆಯ ವಿಷಯದಲ್ಲಿ ಎರಡು ಪಟ್ಟು ಎಚ್ಚರ ಬೇಕು ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ. ಅದನ್ನು ನಿಜ ಎಂದುಕೊಳ್ಳಲು ಮನಸ್ಸೇ ಹಾತೊರೆಯುತ್ತಿರುತ್ತದೆ.

ಪರೀಕ್ಷೆ ಮಾಡುವ ದಾರಿ ಒಂದೇ ಇತ್ತು. ಹಕ್ಕಿ ಹಿಡಿಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಪಕ್ಷಿತಜ್ಞ ಸಲೀಂ ಅಲಿ ಅವರ ಮುಂದಾಳುತನದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಲ್ಲಿ ಈ ಕೆಲಸಕ್ಕೆ ಕೈಹಾಕಿತು. ಬಲೆ ಕಟ್ಟಿ ಹಕ್ಕಿ ಹಿಡಿಯುವುದು, ಮೈಯಲ್ಲಿನ ಉಣುಗು ಹೇನುಗಳನ್ನು ಹೆಕ್ಕುವುದು, ರಕ್ತದ ಮಾದರಿ ತೆಗೆಯುವುದು, ಕಾಲಿಗೆ ಸಂಖ್ಯೆಯಿರುವ ಅಲ್ಯುಮಿನಿಯಮ್ ಉಂಗುರ ತೊಡಿಸಿ ಬಿಟ್ಟುಬಿಡುವುದು. ವರ್ಷಗಟ್ಟಲೆ ಇದು ನಡೆಯಿತು. ವಲಸೆ ಹಕ್ಕಿಗಳು ಈ ವೈರಸ್ಸನ್ನು ಹೊತ್ತು ತಂದವು ಎನ್ನುವುದಕ್ಕೆ ಆಧಾರ ಸಿಗಲಿಲ್ಲ.

ಹಾಗಾದರೆ ಅಷ್ಟು ಶ್ರಮ ನೀರುಪಾಲಾಯಿತೆ? ಇಲ್ಲ. ಮೊದಲನೆಯದಾಗಿ, ಇಲ್ಲ ಎಂಬ ಉತ್ತರವೂ ಉತ್ತರವೇ. ಅದು ಗೊತ್ತಾದದ್ದರಿಂದ ಆಕಾಶದ ಕಡೆ ನೋಡುತ್ತಿದ್ದವರು ನೆಲದ ಕಡೆ ನೋಡುವಂತಾಯಿತು. ಜೊತೆಗೆ, ಭಾರತಕ್ಕೆ ಬರುವ ಹಕ್ಕಿಗಳು ಎಲ್ಲಿಂದ ಬರುತ್ತವೆ, ಎಲ್ಲಿಗೆ ಮರಳುತ್ತವೆ ಎಂಬುದರ ಬಗ್ಗೆ ನಮಗೆ ತಿಳಿದಿರುವುದರ ದೊಡ್ಡ ಪಾಲು ಆ ಉಂಗುರಗಳಿಂದ ಬಂದದ್ದು. ನಮ್ಮಲ್ಲಿ ಉಂಗುರ ತೊಟ್ಟ ಹಕ್ಕಿಗಳು ಸೈಬೀರಿಯಾದಲ್ಲೂ ಮಧ್ಯ ಏಷ್ಯಾದಲ್ಲೂ ಸಿಕ್ಕವು. ಮಂಗನ ಕಾಯಿಲೆಗೆ ಉತ್ತರ ಹುಡುಕಲು ಹೋದವರು ಹಕ್ಕಿಗಳ ದಾರಿಯನ್ನು ಕಂಡರು.

ಮುಂದೆ 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಅಲ್ಖುರ್ಮಾ ಎಂಬ ವೈರಸ್ ಸಿಕ್ಕಿತು. ನಮ್ಮ ವೈರಸ್ಸಿಗೆ ಅದು ಅತಿ ಹತ್ತಿರದ ಬಂಧು. ಇವೆರಡೂ ಒಂದೇ ಮೂಲದಿಂದ ಬೇರೆಯಾಗಿ ಸುಮಾರು 700 ವರ್ಷ ಆಗಿರಬಹುದು ಎಂದು ಜೀನುಗಳನ್ನು ಹೋಲಿಸಿ ಮಾಡಿದ ಒಂದು ಲೆಕ್ಕ ಹೇಳುತ್ತದೆ. ಆ ಲೆಕ್ಕ ಸರಿಯಿದ್ದರೆ 1957ರಲ್ಲಿ ಹೊಸದಾಗಿ ಬಂದದ್ದು ಕಾಯಿಲೆಯಲ್ಲ, ಅದು ನಮ್ಮ ಕಣ್ಣಿಗೆ ಬಿದ್ದದ್ದು ಮಾತ್ರ ಹೊಸದು ಎಂದು ಯೋಚಿಸಬೇಕಾಗುತ್ತದೆ.

ಈಗ ಬಿಳಿ ಬಟ್ಟೆಯ ಹತ್ತಿರ ಬರೋಣ.

ನೆಂಟ ವೈರಸ್ಸನ್ನು ಉಣುಗು ಹರಡುತ್ತದೆ ಎಂದಮೇಲೆ ಇದನ್ನೂ ಉಣುಗೇ ಹರಡುತ್ತಿರಬಹುದು ಎಂಬುದು ಸಹಜವಾದ ಊಹೆ. ಸಹಜ ಅಂದ ಮಾತ್ರಕ್ಕೆ ಒಪ್ಪುವ ಹಾಗಿಲ್ಲ. ಕಾಡಿನಲ್ಲಿ ಸೊಳ್ಳೆಯೂ ಇದೆ, ನೊಣವೂ ಇದೆ. ಕ್ಯಾಸನೂರಿನ ಕಾಡಿನಲ್ಲಿ ಬಟ್ಟೆ ಎಳೆದು ಸಾವಿರಾರು ಉಣುಗು ಹೆಕ್ಕಿದರು. ಬಗೆಬಗೆಯ ಉಣುಗುಗಳಲ್ಲಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬುದು ಎಲ್ಲಕ್ಕಿಂತ ಹೆಚ್ಚು. ಅದನ್ನು ಅರೆದು ನೋಡಿದಾಗ ವೈರಸ್ ಸಿಕ್ಕಿತು. ಅಷ್ಟಕ್ಕೇ ನಿಲ್ಲಲಿಲ್ಲ. ಉಣುಗಿನ ಹೊಟ್ಟೆಯಲ್ಲಿ ವೈರಸ್ ಇದೆ ಎಂದರೆ ಅದು ಕಾಯಿಲೆಯ ಪ್ರಾಣಿಯ ರಕ್ತ ಕುಡಿದಿದೆ ಎಂದಷ್ಟೇ ಅರ್ಥ. ಅದು ಇನ್ನೊಂದಕ್ಕೆ ದಾಟಿಸುತ್ತದೆ ಎಂದು ತೋರಿಸಬೇಕಲ್ಲ? ಪ್ರಯೋಗಾಲಯದಲ್ಲಿ ಸೋಂಕು ತಗುಲಿದ ಪ್ರಾಣಿಯ ಮೇಲೆ ಉಣುಗಿನ ಮರಿಗಳನ್ನು ಬಿಟ್ಟು, ಅವು ಪೊರೆ ಕಳಚಿ ಮುಂದಿನ ಹಂತಕ್ಕೆ ಬೆಳೆದ ಮೇಲೆ ಸೋಂಕಿಲ್ಲದ ಪ್ರಾಣಿಯ ಮೇಲೆ ಬಿಟ್ಟರು. ಸೋಂಕು ದಾಟಿತು.

ಈ ಉಣುಗಿನ ಬದುಕು ತಿಳಿದುಕೊಳ್ಳುವಂಥದ್ದು. ಮೊಟ್ಟೆಯಿಂದ ಹೊರಬಂದ ಮೇಲೆ ಅದಕ್ಕೆ ಮೂರು ಹಂತ. ಪ್ರತಿ ಹಂತದಲ್ಲೂ ಒಂದೇ ಒಂದು ಊಟ. ಸಿಕ್ಕ ಪ್ರಾಣಿಗೆ ಕಚ್ಚಿಕೊಂಡು ಹೊಟ್ಟೆ ತುಂಬ ರಕ್ತ ಹೀರಿ ಉದುರಿ ಬೀಳುತ್ತದೆ, ನೆಲದಲ್ಲೇ ಪೊರೆ ಬಿಟ್ಟು ದೊಡ್ಡದಾಗುತ್ತದೆ, ಮುಂದಿನ ಊಟಕ್ಕೆ ಹುಲ್ಲಿನ ತುದಿಯಲ್ಲೋ ತರಗೆಲೆಯ ಮೇಲೋ ಕಾಯುತ್ತದೆ. ಮೊದಲ ಹಂತದ ಮರಿಗಳು ಮಳೆಗಾಲ ಮುಗಿಯುತ್ತ ಬಂದಾಗ ಹೊರಡುತ್ತವೆ. ಇಲಿ, ಅಳಿಲು, ಮಂಗಗಳ ರಕ್ತ ಕುಡಿಯುತ್ತವೆ. ಎರಡನೇ ಹಂತದ್ದು ಡಿಸೆಂಬರಿನಿಂದ ಮೇ ತನಕ. ಮನುಷ್ಯನಿಗೆ ಕಚ್ಚುವುದು ಹೆಚ್ಚಾಗಿ ಇದೇ. ಬೆಳೆದು ದೊಡ್ಡದಾದ ಉಣುಗು ಮಳೆಗಾಲದಲ್ಲಿ ಕಾಣುತ್ತದೆ, ಅದಕ್ಕೆ ಬೇಕಾದದ್ದು ದನದಂಥ ದೊಡ್ಡ ಪ್ರಾಣಿ.

ಇಲ್ಲಿ ಒಂದು ತೊಡಕಿದೆ, ಗಮನವಿಟ್ಟು ಕೇಳಿ. ಸುಗ್ಗಿ ಮುಗಿದ ಮೇಲೆ ಮಲೆನಾಡಿನ ಜನ ಕಾಡಿಗೆ ಹೋಗುವುದೂ ಹೆಚ್ಚು. ಸೌದೆಗೆ ಹೋಗಬೇಕು, ಕೊಟ್ಟಿಗೆಗೆ ಹಾಸಲು ಒಣಗಿದ ಎಲೆ, ನಾವು ದರಕು ಅನ್ನುತ್ತೇವಲ್ಲ, ಅದನ್ನು ಗುಡಿಸಿ ತರಬೇಕು. ಹಾಗಿದ್ದಾಗ ಬೇಸಿಗೆಯಲ್ಲಿ ಜ್ವರ ಬರುವುದು ಉಣುಗಿನ ಮರಿ ಹೆಚ್ಚಿರುವುದಕ್ಕೋ, ಜನ ಕಾಡಿಗೆ ಹೋಗುವುದು ಹೆಚ್ಚಿರುವುದಕ್ಕೋ? ಎರಡೂ ಒಟ್ಟಿಗೇ ಬಂದರೆ ಬೇರ್ಪಡಿಸುವುದು ಹೇಗೆ? ಆಗ ಉಪಯೋಗಕ್ಕೆ ಬರುವುದು ತಿಂಗಳು ತಿಂಗಳೂ ಬಟ್ಟೆ ಎಳೆದು ಎಣಿಸಿಟ್ಟ ಲೆಕ್ಕ. ಮಳೆಗಾಲದಲ್ಲೂ ಜನ ಸೊಪ್ಪಿಗೆ, ದನ ಮೇಯಿಸಲು ಕಾಡಿಗೆ ಹೋಗುತ್ತಾರೆ. ಆಗ ಸಣ್ಣ ಮರಿಗಳ ಕಾಲ ಮುಗಿದಿರುತ್ತದೆ, ಜ್ವರವೂ ನಿಂತಿರುತ್ತದೆ. ನಾಲ್ಕು ಮಳೆ ಬಿದ್ದರೆ ಕಾಯಿಲೆ ಹೋಗುತ್ತದೆ ಎಂದು ಊರಿನ ಹಿರಿಯರು ಹೇಳುತ್ತಿದ್ದ ಮಾತಿಗೆ ಕಾರಣ ಸಿಕ್ಕಿದ್ದು ಹೀಗೆ.

ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಒಮ್ಮೆ ಪಾಠದ ನಡುವೆ ಎದ್ದುನಿಂತಳು. ಅವಳ ತಾಯಿ ದರಕು ತರಲು ಹೋಗಿಬಂದು ಜ್ವರ ಮಲಗಿ, ಆಸ್ಪತ್ರೆ ಸೇರಿ, ಗುಣವಾಗಿದ್ದರು. "ಸಾರ್, ಮಂಗ ಸತ್ತಿದ್ದರಿಂದ ನಮ್ಮಮ್ಮಂಗೆ ಜ್ವರ ಬಂತಾ? ಮಂಗನ್ನ ಮುಟ್ಟೇ ಇರ್ಲಿಲ್ಲ ಅವ್ರು" ಎಂದಳು. ನಾನು ಪುಸ್ತಕ ಮುಚ್ಚಿದೆ. ಮಂಗ ನಿನ್ನ ಅಮ್ಮನಿಗೆ ಕಾಯಿಲೆ ಕೊಡಲಿಲ್ಲ ಮಗಳೇ, ಅದೂ ನಿನ್ನ ಅಮ್ಮನ ಹಾಗೆಯೇ ಕಚ್ಚಿಸಿಕೊಂಡದ್ದು, ಆದರೆ ಅದನ್ನು ಆಸ್ಪತ್ರೆಗೆ ಸೇರಿಸುವವರು ಇರಲಿಲ್ಲ ಎಂದೆ. ಸತ್ತ ಮಂಗನ ಮೈಯಿಂದ ಉಣುಗುಗಳು ಉದುರಿ ಆ ಜಾಗದಲ್ಲಿ ಸೋಂಕು ಹೆಚ್ಚುವುದು ನಿಜ. ಅದಕ್ಕೇ ಮಂಗ ಬಿದ್ದ ಜಾಗದ ಸುತ್ತ ಔಷಧಿ ಸಿಂಪಡಿಸುತ್ತಾರೆ. ಆದರೆ ಎರಡು ಸಂಗತಿ ಜೊತೆಜೊತೆಗೆ ನಡೆದರೆ ಒಂದು ಇನ್ನೊಂದರ ಕಾರಣವೇ ಆಗಿರಬೇಕಿಲ್ಲ, ಎರಡಕ್ಕೂ ಬೆನ್ನಹಿಂದೆ ಮೂರನೆಯದೊಂದು ಇರಬಹುದು. ಆ ದಿನ ತರಗತಿಯಲ್ಲಿ ಯಾರಿಗೂ ಅದನ್ನು ಎರಡನೇ ಸಲ ವಿವರಿಸಬೇಕಾಗಲಿಲ್ಲ.

ಇನ್ನು ಲಸಿಕೆಯ ವಿಚಾರ. ಅದಕ್ಕೆ ಮೊದಲು ನಮ್ಮ ತೋಟದ ಒಂದು ಸಂಗತಿ ಹೇಳುತ್ತೇನೆ.

ಅಡಿಕೆ ಬೆಳೆಯುವವರಿಗೆ ಕೊಳೆ ರೋಗ ಎಂದರೆ ಏನೆಂದು ನಾನು ಹೇಳಬೇಕಾಗಿಲ್ಲ. ಮಳೆ ಹಿಡಿದರೆ ಎಳೆಯ ಕಾಯಿಗಳು ಕೊಳೆತು ಬುಡದಲ್ಲಿ ರಾಶಿಯಾಗುತ್ತವೆ. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಸುತ್ತೇವೆ. ಒಂದು ವರ್ಷ ಯಾರೋ ಹೊಸ ಪುಡಿಯೊಂದನ್ನು ತಂದು, ಇದು ಮೈಲುತುತ್ತಕ್ಕಿಂತ ಮೇಲು ಎಂದರು. ಅಪ್ಪ ಅರ್ಧ ತೋಟಕ್ಕೆ ಹಳೆಯದು, ಅರ್ಧಕ್ಕೆ ಹೊಸದು ಹೊಡೆಸಿದರು. ನಡುವೆ ಎರಡು ಸಾಲಿಗೆ ಏನನ್ನೂ ಹೊಡೆಸಲಿಲ್ಲ. ಮರದ ಮೇಲಿದ್ದ ಕೊನೆಗೌಡ ಕೂಗಿದ: "ಭಟ್ರೇ, ಈ ಸಾಲು ಬಿಟ್ಟೋಯ್ತಲ್ರಾ?" ಅಪ್ಪ ಕೆಳಗಿನಿಂದ, "ಬಿಟ್ಟಿದ್ದು ಬೇಕಂತ್ಲೇ ಮಾರಾಯ, ಇಳಿ" ಎಂದರು. ಅಮ್ಮನಿಗೆ ಆ ಎರಡು ಸಾಲಿನ ಬೆಳೆಯ ಚಿಂತೆ. ಆ ವರ್ಷ ಆಷಾಢದಲ್ಲಿ ಮಳೆ ಬಿಡುವು ಕೊಟ್ಟಿತು. ಊರಿನಲ್ಲಿ ಹೊಸ ಪುಡಿ ಹೊಡೆಸಿದವರೆಲ್ಲ ಕೊಳೆ ಬರಲಿಲ್ಲ, ಪುಡಿ ಭಾರಿ ಒಳ್ಳೆಯದು ಎಂದರು. ನಮ್ಮ ತೋಟದಲ್ಲಿ ಏನೂ ಹೊಡೆಸದ ಎರಡು ಸಾಲಿಗೂ ಕೊಳೆ ಬರಲಿಲ್ಲ. ಅಪ್ಪ ಓದಿದ್ದು ಏಳನೇ ಇಯತ್ತೆ. ಬಿಟ್ಟ ಸಾಲು ಇಲ್ಲದಿದ್ದರೆ ಹೊಡೆಸಿದ ಸಾಲು ಏನನ್ನೂ ಹೇಳುವುದಿಲ್ಲ ಎಂಬುದನ್ನು ನಾನು ಕಾಲೇಜಿನಲ್ಲಿ ಓದುವ ಮೊದಲೇ ಅವರ ತೋಟದಲ್ಲಿ ಕಂಡಿದ್ದೆ.

ಮಂಗನ ಕಾಯಿಲೆಗೆ ಮೊದಲು ಪ್ರಯತ್ನಿಸಿದ ಲಸಿಕೆ ರಷ್ಯಾದ ಮೆದುಳುಜ್ವರದ್ದು. ವೈರಸ್ಸುಗಳು ನೆಂಟರಾದ್ದರಿಂದ ಒಂದರ ಲಸಿಕೆ ಇನ್ನೊಂದಕ್ಕೂ ತಡೆಯೊಡ್ಡಬಹುದು ಎಂಬ ತರ್ಕ. ಸಾವಿರಾರು ಜನರಿಗೆ ಕೊಟ್ಟು ನೋಡಿದರು. ಪ್ರಯೋಜನವಾಗಲಿಲ್ಲ. ಆಮೇಲೆ ಕ್ಯಾಸನೂರಿನ ವೈರಸ್ಸನ್ನೇ ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ಕೊಂದು ಲಸಿಕೆ ಮಾಡಿದರು. 1990ರಿಂದ 1992ರವರೆಗೆ ಶಿವಮೊಗ್ಗ ಮತ್ತು ಅಕ್ಕಪಕ್ಕದ ಜಿಲ್ಲೆಗಳ ಹಳ್ಳಿಗಳಲ್ಲಿ ಲಸಿಕೆ ಹಾಕಿಸಿಕೊಂಡವರನ್ನೂ ಹಾಕಿಸಿಕೊಳ್ಳದವರನ್ನೂ ಹೋಲಿಸಿ ನೋಡಿದಾಗ ಒಂದು ಡೋಸಿನಿಂದ ಸುಮಾರು ಶೇಕಡಾ 79, ಎರಡು ಡೋಸಿನಿಂದ ಶೇಕಡಾ 93ರಷ್ಟು ರಕ್ಷಣೆ ಎಂದು ಲೆಕ್ಕ ಬಂತು. ಯಾರಾದರೂ ಸಂತೋಷಪಡುವಂಥ ಸಂಖ್ಯೆ.

ಆದರೆ ಮುಂದಿನ ವರ್ಷಗಳಲ್ಲಿ ಲಸಿಕೆ ಹಾಕಿಸಿಕೊಂಡವರಿಗೂ ಜ್ವರ ಬಂತು. 2005ರಿಂದ 2010ರವರೆಗಿನ ದಾಖಲೆಗಳನ್ನು ತೆಗೆದು ಮತ್ತೆ ಲೆಕ್ಕ ಹಾಕಿದರು. ಒಂದು ಡೋಸಿನಿಂದ ಹೇಳಿಕೊಳ್ಳುವಂಥ ರಕ್ಷಣೆ ಕಾಣಲಿಲ್ಲ. ಎರಡು ಡೋಸಿಗೆ ಶೇಕಡಾ 62, ಅದರ ಮೇಲೆ ವರ್ಧಕ ಡೋಸು ಪಡೆದವರಿಗೆ ಶೇಕಡಾ 83ರಷ್ಟು.

93 ಏಕೆ 62 ಆಯಿತು? ಮೊದಲಿನವರು ಸುಳ್ಳು ಹೇಳಿದರು ಎಂದು ಹಾರಿಬೀಳುವ ಮೊದಲು ಕೇಳಬೇಕಾದ ಪ್ರಶ್ನೆಗಳು ಬಹಳ ಇವೆ. ಲಸಿಕೆಯ ಕಸುವು ಕುಂದಿತ್ತೆ? ವೈರಸ್ಸೇ ಸ್ವಲ್ಪ ಬದಲಾಗಿತ್ತೆ? ಚುಚ್ಚಿದ ಜಾಗ ವಿಪರೀತ ನೋಯುತ್ತಿತ್ತು, ಆದ್ದರಿಂದ ಜನ ಎರಡನೆಯದಕ್ಕೆ ಬಾರದೆ ಉಳಿದರೆ? ನನಗೆ ಮುಖ್ಯ ಅನ್ನಿಸುವ ಪ್ರಶ್ನೆ ಇನ್ನೊಂದು. ಲಸಿಕೆಯ ತಂಡ ಊರಿಗೆ ಬಂದಾಗ ಮನೆಯಲ್ಲಿ ಇದ್ದವರು ಯಾರು? ಬೆಳಗಿನ ಜಾವವೇ ಬುಟ್ಟಿ, ಕತ್ತಿ ಹಿಡಿದು ಕಾಡಿಗೆ ಹೋದವರು ಲಸಿಕೆಗೆ ಸಿಗುವುದಿಲ್ಲ, ಉಣುಗಿಗೆ ಮಾತ್ರ ಸಿಗುತ್ತಾರೆ. ಹಾಗಾದಾಗ ಲಸಿಕೆ ಪಡೆದವರಿಗೂ ಪಡೆಯದವರಿಗೂ ಇರುವ ವ್ಯತ್ಯಾಸ ಬರೀ ಲಸಿಕೆಯದಲ್ಲ. ಅಪ್ಪ ಬಿಟ್ಟ ಎರಡು ಸಾಲು ಬೇರೆ ಮಣ್ಣಿನಲ್ಲಿ, ಬೇರೆ ನೆರಳಿನಲ್ಲಿ ಇದ್ದಿದ್ದರೆ ಆ ಹೋಲಿಕೆಯೂ ಕೆಡುತ್ತಿತ್ತು. ವೈದ್ಯಕೀಯದಲ್ಲಿ ಯಾರಿಗೆ ಲಸಿಕೆ, ಯಾರಿಗೆ ಇಲ್ಲ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸುವ ಪದ್ಧತಿ ಬಂದದ್ದು ಈ ತೊಡಕಿಗಾಗಿಯೇ.

2022ರಲ್ಲಿ ರಾಜ್ಯದಲ್ಲಿ ಆ ಲಸಿಕೆಯನ್ನು ಕೊಡುವುದು ನಿಂತಿತು. ಹೊಸ ಲಸಿಕೆಯ ಕೆಲಸ ನಡೆದಿದೆ. ಮೂವತ್ತು ವರ್ಷ ನಂಬಿದ್ದನ್ನು ಕೈಬಿಟ್ಟರು ಎಂದು ಬೇಸರಪಟ್ಟವರನ್ನು ನಾನು ಬಲ್ಲೆ. ಕೈಯಲ್ಲಿ ಬೇರೊಂದು ಇಲ್ಲದಿರುವಾಗ ಇದ್ದದ್ದನ್ನೂ ಕಳೆದುಕೊಂಡಂತಾಯಿತು ಎಂಬ ಅವರ ಸಂಕಟ ನನ್ನದೂ ಹೌದು. ಆದರೆ ಲಸಿಕೆ ತೋಳಿನಲ್ಲಿದೆ ಎಂಬ ಧೈರ್ಯದಿಂದ ಬರಿಗಾಲಿನಲ್ಲಿ ದರಕಿಗೆ ಹೋಗುವ ಒಬ್ಬ ತಾಯಿಗೆ, ಆ ಧೈರ್ಯಕ್ಕೆ ಆಧಾರ ಸಾಲದು ಎಂದು ಹೇಳುವುದೂ ಅವಳನ್ನು ಕಾಯುವ ಕೆಲಸವೇ.

ಕಾಡಿನ ಮಾತನ್ನು ಹೇಳದೆ ಮುಗಿಸಲಾರೆ. ಹಳದಿ ಜ್ವರದ ಮೇಲೆ ದಕ್ಷಿಣ ಅಮೆರಿಕದಲ್ಲಿ ದುಡಿದು ಇಲ್ಲಿಗೆ ಬಂದಿದ್ದ ಕೊಲಂಬಿಯಾದ ಹೋರ್ಹೆ ಬೋಶೆಲ್ 1969ರಲ್ಲೇ ಒಂದು ವಾದ ಮುಂದಿಟ್ಟರು. ಕಾಡು ಕಡಿದು ಗದ್ದೆ, ತೋಟ ಮಾಡಿದಂತೆ ದನಗಳು ಕಾಡಂಚಿಗೆ ಬಂದವು. ದನದ ಮೈಯಲ್ಲಿ ದೊಡ್ಡ ಉಣುಗುಗಳಿಗೆ ಊಟ ಸಿಕ್ಕಿ ಅವು ಬೆಳೆದವು. ಕಾಡಿನೊಳಗೆ ಸದ್ದಿಲ್ಲದೆ ಇದ್ದ ವೈರಸ್ ಹೀಗೆ ಮನೆಯಂಗಳದ ಹತ್ತಿರ ಬಂತು. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದ ಬೆನ್ನಿಗೇ ಕಾಯಿಲೆ ಎದ್ದು ಸಾವಿರಕ್ಕೂ ಹೆಚ್ಚು ಜನರಿಗೆ ತಗುಲಿದಾಗ ಈ ವಾದಕ್ಕೆ ಬಲ ಬಂತು. ಒಂದು ಘಟನೆಯಿಂದ ಸಿದ್ಧಾಂತ ನಿಲ್ಲುವುದಿಲ್ಲ. ಆದರೆ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಪಶ್ಚಿಮ ಘಟ್ಟದ ಊರುಗಳ ನಕ್ಷೆಯನ್ನೂ ರೋಗಿಗಳ ಲೆಕ್ಕವನ್ನೂ ಒಟ್ಟಿಗಿಟ್ಟು ನೋಡಿದಾಗ, ದಟ್ಟ ಹಸಿರು ಕಾಡು ಮತ್ತು ತೋಟ ಕಲಸಿಹೋದ, ನಾಟಿ ದನಗಳು ಹೆಚ್ಚಿರುವ ಕಡೆಗಳಲ್ಲಿ ಅಪಾಯ ಹೆಚ್ಚು ಎಂದು ಕಂಡಿತು. ಐವತ್ತು ವರ್ಷದ ಹಿಂದೆ ಒಬ್ಬ ಮನುಷ್ಯ ಕಾಡಿನಲ್ಲಿ ನಡೆದು ಊಹಿಸಿದ್ದನ್ನು ಇನ್ನೊಂದು ತಲೆಮಾರು ಬೇರೆ ಸಲಕರಣೆಗಳಿಂದ ತೂಗಿ ನೋಡಿತು.

ಈಗ ಕಾಯಿಲೆ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ದಾಟಿ ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದವರೆಗೆ ಕಾಣಿಸಿಕೊಂಡಿದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಒಂದೇ ಸುತ್ತಿನಲ್ಲಿ ಎಷ್ಟೋ ಮನೆಗಳ ದೀಪ ಆರಿದವು. ಮುಂದಿನ ಊಹೆಗಳಿಗೆ, ಮುಂದಿನ ಪರೀಕ್ಷೆಗಳಿಗೆ ಬೇಕಾದ ಮೊದಲ ಸುಳಿವು ಇವತ್ತೂ ಪ್ರಯೋಗಾಲಯದಲ್ಲಿ ಸಿಗುವಂಥದ್ದಲ್ಲ. ಆದ್ದರಿಂದ ಕಾಡಂಚಿನಲ್ಲಿ ವಾಸಿಸುವ ಕೇಳುಗರಲ್ಲಿ ನನ್ನದೊಂದು ಕೋರಿಕೆ. ಈ ಬೇಸಿಗೆಯಲ್ಲಿ ಸತ್ತ ಮಂಗವೊಂದು ಕಣ್ಣಿಗೆ ಬಿದ್ದರೆ ಹತ್ತಿರ ಹೋಗಬೇಡಿ, ಮುಟ್ಟಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೋ ಆಶಾ ಕಾರ್ಯಕರ್ತೆಗೋ ಅದೇ ದಿನ ತಿಳಿಸಿ. ಮುಸಿಯವೋ ಕೆಂಪುಮೋರೆಯದ್ದೋ, ಯಾವ ಮರದ ಬುಡದಲ್ಲಿ, ಯಾವ ತಾರೀಕು, ಎಷ್ಟು ಹೊತ್ತಿಗೆ ಕಂಡಿರಿ ಎಂಬುದನ್ನು ಮನೆಯ ಕ್ಯಾಲೆಂಡರಿನ ಹಿಂದೆಯಾದರೂ ಬರೆದಿಟ್ಟುಕೊಳ್ಳಿ. ಬಿಳಿ ಬಟ್ಟೆ ಹಿಡಿದು ಬರುವವರು ನಿಮ್ಮನ್ನು ಮೊದಲು ಕೇಳುವುದು ಅದನ್ನೇ.